ಒಣ ತೂಕ

ನಮ್ಮ ಮನೆಯಲ್ಲಿ ಅಮ್ಮನ ಮೈಕಟ್ಟು ಅಕ್ಕನಿಗೂ ತಮ್ಮನಿಗೂ ಬಂತು, ಅಪ್ಪನದು ನನಗೆ ಬಂತು. ಅವರಿಬ್ಬರು ಗಾಳಿ ಕುಡಿದರೂ ಊದುವವರು. ನಾನು ಇಬ್ಬರ ಊಟ ಒಬ್ಬಳೇ ಮಾಡಿದರೂ ತಿಂದದ್ದು ಎಲ್ಲಿ ಹೋಗುತ್ತದೆಂದು ದೇವರಿಗೇ ಗೊತ್ತು. ಶಾಲೆಯಲ್ಲಿ ಅಕ್ಕನನ್ನು ಡ್ರಮ್ಮು ಎಂದೂ ನನ್ನನ್ನು ಕಡ್ಡಿ ಎಂದೂ ಕರೆಯುತ್ತಿದ್ದರು. ಒಂದೇ ಪಾತ್ರೆಯಿಂದ ಬಡಿಸಿಕೊಂಡು ತಿಂದವರು ನಾವು. ಆದರೂ ಜನ ನನ್ನನ್ನು ನೋಡಿ ಎಷ್ಟು ಹಿತಮಿತ ಎಂದು ಹೊಗಳುತ್ತಿದ್ದರು, ಅವಳನ್ನು ನೋಡಿ ಬುದ್ಧಿ ಹೇಳುತ್ತಿದ್ದರು. ಮೂರನೇ ಸಲ ಬಡಿಸಿಕೊಳ್ಳುತ್ತ ನಾನು ಆ ಹೊಗಳಿಕೆ ಕೇಳಿಸಿಕೊಳ್ಳುತ್ತಿದ್ದೆ. ಹೀಗೆ ಬುದ್ಧಿ ಹೇಳುವವರನ್ನು ಕಂಡರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ಅಪ್ಪ ಬಿಟ್ಟುಹೋದ ಲಾಂಡ್ರಿಯನ್ನು ನಾವು ಮೂವರೇ ನಡೆಸುತ್ತಿದ್ದೆವು. ಕೌಂಟರಿನಲ್ಲಿ ನಾನು. ಹಿಂದಿನ ಕೋಣೆಯಲ್ಲಿ ಒಗೆಯುವ ಮಷೀನು, ಡ್ರಯರು, ಇಸ್ತ್ರಿ ಮೇಜುಗಳ ನಡುವೆ ಅಕ್ಕ. ಹೋಟೆಲುಗಳಿಂದ ಚಾದರ, ಟವೆಲು ತಂದು ಮತ್ತೆ ಮುಟ್ಟಿಸುವ ವ್ಯಾನಿನಲ್ಲಿ ತಮ್ಮ. ನಮ್ಮಲ್ಲಿ ತೂಕದ ಮೇಲೆ ದರ. ಒದ್ದೆ ಟವೆಲು ತಂದವರು ನೀರಿಗೂ ದುಡ್ಡು ತೆರಬಾರದೆಂದು, ಒಗೆದು ಒಣಗಿಸಿದ ಮೇಲೆಯೇ ತೂಗಬೇಕೆಂದು ಅಪ್ಪ ನಿಯಮ ಮಾಡಿದ್ದರು. ಅದಕ್ಕೆ ನಾವು ಒಣ ತೂಕ ಎನ್ನುತ್ತಿದ್ದೆವು.

ತಮ್ಮನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅದೇ ಮಾತು ಆಸ್ಪತ್ರೆಯಲ್ಲೂ ಕಿವಿಗೆ ಬಿತ್ತು. ಡಯಾಲಿಸಿಸ್ ಮಷೀನಿಗೆ ಸೇರಿಸುವ ಮುಂಚೆ ಅವನನ್ನು ತೂಗುತ್ತಿದ್ದರು, ಮುಗಿದ ಮೇಲೆ ಮತ್ತೆ ತೂಗುತ್ತಿದ್ದರು. ಮೈಯಲ್ಲಿ ನಿಂತ ನೀರೆಲ್ಲ ಹೋದ ಮೇಲೆ ಉಳಿಯುವುದು ಅವನ ಒಣ ತೂಕವಂತೆ.

"ನಮ್ಮಪ್ಪನ ಹತ್ರಾನೇ ಕೆಲಸ ಕಲಿತಿರ್ಬೇಕು ಇವರು," ಎಂದು ತಮ್ಮ ನಗಾಡಿದ.

ನಗು ಬಹಳ ದಿನ ಇರಲಿಲ್ಲ. ಸೂಜಿ ಚುಚ್ಚುತ್ತಿದ್ದ ಎಡಗೈಯ ರಕ್ತನಾಳ ಮುಚ್ಚಿಹೋಯಿತು. ಬಲಗೈಯದೂ ಹೆಚ್ಚು ಕಾಲ ಬಾಳುವುದಿಲ್ಲ, ಬೇಗ ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಮಾತ್ರ ಉಳಿಯುತ್ತಾನೆ ಎಂದರು ಡಾಕ್ಟರು. ತಮ್ಮನ ಹೆಂಡತಿಗೆ ಸಕ್ಕರೆ ಕಾಯಿಲೆ, ಅವಳು ಕೊಡುವಂತಿಲ್ಲ. ನನ್ನ ರಕ್ತದ ಗುಂಪು ಅಪ್ಪನದು, ಹೊಂದಲಿಲ್ಲ. ಅಕ್ಕನದು ಒಂದೊಂದೂ ಹೊಂದಿತು, ಒಂದೇ ಬಟ್ಟೆಯ ಥಾನಿನಿಂದ ಕತ್ತರಿಸಿದ ಹಾಗೆ. ಅಮ್ಮ ಅವರಿಬ್ಬರಿಗೆ ಕೊಟ್ಟದ್ದನ್ನು ಬಿಡಿಬಿಡಿಯಾಗಿ ಕೊಟ್ಟಿರಲಿಲ್ಲ. ರಕ್ತ ಕೊಟ್ಟ ಕೈಯಲ್ಲೇ ಮೈಯನ್ನೂ ಕೊಟ್ಟಿದ್ದಳು.

"ಈ ತೂಕದಲ್ಲಿ ಆಪರೇಷನ್ ಮಾಡಿದ್ರೆ ನಿಮ್ಮ ಜೀವಕ್ಕೇ ಅಪಾಯ," ಎಂದರು ಡಾಕ್ಟರು ಅಕ್ಕನಿಗೆ. "ಹದಿನಾಲ್ಕು ಕೆಜಿ ಇಳಿಸ್ಕೊಂಡು ಬನ್ನಿ."

ಅಕ್ಕ ಒಂದು ಪ್ರಶ್ನೆ ಕೇಳಿದಳು. "ಡಾಕ್ಟ್ರೇ, ಇದು ಹುಟ್ಟಿನಿಂದ ಬಂದಿದ್ದಾ, ನಾನು ತಿಂದು ತರಿಸ್ಕೊಂಡಿದ್ದಾ?"

"ಎರಡೂ ಇರುತ್ತಮ್ಮ. ನಿಮ್ಮ ಮನೇಲಿ ನೋಡಿದ್ರೆ ಹುಟ್ಟಿನಿಂದ ಬಂದಿದ್ದೇ ಜಾಸ್ತಿ ಅನ್ಸುತ್ತೆ."

"ಹಾಗಾದ್ರೆ ಅದನ್ನ ಕಳೆದು, ನಾನು ತಿಂದಿದ್ದಕ್ಕೆ ಮಾತ್ರ ಲೆಕ್ಕ ಹಿಡೀರಿ."

ನಾನು ನಕ್ಕೆ, ಡಾಕ್ಟರು ನಗಲಿಲ್ಲ. ಅಕ್ಕನೂ ನಗಲಿಲ್ಲ. ಅವಳು ನಿಜವಾಗಿಯೂ ಕೇಳಿದ್ದಳೆಂದು ನನಗೆ ಆಮೇಲೆ ಹೊಳೆಯಿತು.

ಅವತ್ತಿನಿಂದ ಅಕ್ಕ ಹಲ್ಲುಕಚ್ಚಿ ಹಿಡಿದಳು. ಬೇಯಿಸಿದ ತರಕಾರಿ, ಒಂದು ಮೊಟ್ಟೆ, ಸಂಜೆಗೆ ನೀರಿನಂಥ ಸೂಪು. ಬೆಳಕು ಹರಿಯುವ ಮುಂಚೆ ಎದ್ದು ರೈಲು ಗೇಟಿನವರೆಗೆ ನಡೆದುಬರುತ್ತಿದ್ದಳು, ಬಂದವಳೇ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಮಂಡಿ ನೋಯುತ್ತದೆಂದು ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತಂದು, ಕಡಲೆ ತಿಂದ ಹಾಗೆ ತಿನ್ನುತ್ತಿದ್ದಳು. ಅವಳ ಎದುರು ಕೂತು ತಟ್ಟೆ ತುಂಬ ಉಣ್ಣಲು ನನಗೆ ನಾಚಿಕೆಯಾಯಿತು. ನಾನೂ ಅರೆಹೊಟ್ಟೆ ಉಂಡು ನೋಡಿದೆ. ಅವಳಿಗಿಂತ ಮುಂಚೆ ನಾನೇ ಸೊರಗಿದೆ.

ಒಂಬತ್ತು ಕೆಜಿ ಇಳಿದದ್ದು ಅಲ್ಲಿಗೆ ನಿಂತುಹೋಯಿತು. ಊಟ ಇನ್ನೂ ಕಡಿಮೆ ಮಾಡಿದಳು, ತೂಕದ ಮಷೀನಿನ ಮುಳ್ಳು ಜಪ್ಪಯ್ಯ ಎಂದರೂ ಕದಲಲಿಲ್ಲ. ಅಷ್ಟರಲ್ಲಿ ತಮ್ಮನ ಬಲಗೈಯ ನಾಳವೂ ಮುಚ್ಚಿತು. ಕತ್ತಿನಲ್ಲಿ ನಳಿಕೆ ಇಟ್ಟರು. ಅದಕ್ಕೆ ನಂಜಾಗಿ, ಜ್ವರ ಬಂದು, ಅವನು ನಮ್ಮ ಗುರುತೇ ಹಿಡಿಯದೆ ಮಾತಾಡತೊಡಗಿದ. ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ತಮ್ಮನ ಹೆಂಡತಿ ತಡೆದುಕೊಳ್ಳಲಾರದೆ ಅಂದುಬಿಟ್ಟಳು.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೈದು ಕೆಜಿ. ಸ್ವಲ್ಪ ದಿನ ಬಾಯಿ ಕಟ್ಟೋಕಾಗಲ್ವಾ?"

ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಅಕ್ಕ ನನ್ನ ಕೈ ಹಿಡಿದು ಒತ್ತಿದಳು. ಆ ಹುಡುಗಿಯ ತಪ್ಪೂ ಏನಿರಲಿಲ್ಲ, ಗಂಡ ಸಾಯುತ್ತಿದ್ದ.

ಆಮೇಲಿನ ವಾರ ಅಕ್ಕ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡೇ ಕೆಲಸ ಮಾಡಿದಳು. ತಟ್ಟಿದರೆ, "ಒಳಗೆ ಸೆಕೆ, ನೀನು ಬರ್ಬೇಡ," ಎನ್ನುತ್ತಿದ್ದಳು. ಬರುವಾಗ ತುಟಿ ಒಡೆದಿರುತ್ತಿತ್ತು, ಕಣ್ಣು ಗುಳಿಬಿದ್ದಿರುತ್ತಿತ್ತು. ಉಪವಾಸವೇ ಕಾರಣವೆಂದುಕೊಂಡೆ.

ಪರೀಕ್ಷೆಯ ದಿನ ತೂಕದ ಮಷೀನು ಬೇಕಾದ ಜಾಗದಲ್ಲೇ ನಿಂತಿತು. ನರ್ಸು ಒಮ್ಮೆ ಇಳಿಸಿ ಮತ್ತೆ ಹತ್ತಿಸಿ ನೋಡಿದಳು, ಅಷ್ಟೇ ಇತ್ತು. ತಮ್ಮನ ಹೆಂಡತಿ ಅಕ್ಕನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಕ್ಕನ ರಕ್ತ ತೆಗೆದುಕೊಂಡರು. ಜ್ವರ ಬಿಟ್ಟು ಎದ್ದು ಕೂತಿದ್ದ ತಮ್ಮ, "ಡ್ರಮ್ಮು, ಇನ್ನು ನಿನ್ನ ಏನಂತ ಕರೀಬೇಕೇ?" ಎಂದು ಕೇಳಿದ. ನಮ್ಮ ಮನೆಯಲ್ಲಿ ಕೊನೆಯ ಸಲ ಸಂತೋಷ ಇದ್ದದ್ದು ಆ ದಿನ.

ಮಾರನೆಯ ದಿನ ಡಾಕ್ಟರು ಅಕ್ಕನನ್ನೂ ನನ್ನನ್ನೂ ಕೋಣೆಗೆ ಕರೆಸಿದರು. ಅವರ ಮುಂದೆ ಅಕ್ಕನ ರಕ್ತದ ವರದಿ ಇತ್ತು.

"ಈ ವಾರ ಏನು ಮಾಡಿದ್ರಿ? ಮುಚ್ಚಿಡದೆ ಹೇಳಿ."

ಅಕ್ಕ ಹೇಳಿದಳು. ಮೊದಮೊದಲು ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. ಇಸ್ತ್ರಿ ಮಾಡಿದ ಕೋಟುಗಳಿಗೆ ಹಾಕುವ ಪ್ಲಾಸ್ಟಿಕ್ ಚೀಲ ಹರಿದು ಮೈಗೆ ಸುತ್ತಿಕೊಂಡು, ಮೇಲೆ ಉಣ್ಣೆ ಅಂಗಿ ಹಾಕಿ, ಡ್ರಯರಿನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳಂತೆ. ನೀರು ಬಾಯಿಗೆ ಬಿಡುತ್ತಿರಲಿಲ್ಲ. ತಮ್ಮನಿಗೆ ಮೊದಲು ಬಾವು ಇಳಿಯಲೆಂದು ಕೊಟ್ಟಿದ್ದ, ಮೈಯ ನೀರನ್ನು ಮೂತ್ರವಾಗಿ ಹೊರಹಾಕುವ ಮಾತ್ರೆ ಮನೆಯಲ್ಲಿ ಉಳಿದಿತ್ತು, ಅದನ್ನೂ ನುಂಗಿದ್ದಳು. ಮಂಡಿಯ ಮಾತ್ರೆ ಹೇಗೂ ನಡೆದೇ ಇತ್ತು.

"ಮಷೀನು ಒಂದು ಬೆಳಿಗ್ಗೇಲಿ ನನ್ನ ತಮ್ಮನ್ನ ಮೂರು ಕೆಜಿ ಇಳಿಸುತ್ತಲ್ಲ ಡಾಕ್ಟ್ರೇ, ನೀರು ತೆಗೆದು. ನಮ್ಮಲ್ಲೂ ಹಾಗೇನೇ, ಒಣಗಿಸಿದ ಮೇಲೇನೇ ನಿಜವಾದ ತೂಕ. ನನ್ನನ್ನೂ ಒಣಗಿಸಿ ತೂಗಿದ್ರೆ ಸರಿಹೋಗುತ್ತೆ ಅಂದ್ಕೊಂಡೆ."

ಡಾಕ್ಟರು ವರದಿಯನ್ನು ಅವಳ ಕಡೆ ತಿರುಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ನಿಮ್ಮ ತಮ್ಮನಿಗೆ ಮಷೀನು ಮಾಡೋ ಕೆಲಸಾನ ನಿಮ್ಮ ಮೈಯಲ್ಲಿ ಕಿಡ್ನಿ ಮಾಡುತ್ತಮ್ಮ. ನೀರಿಲ್ಲದೆ, ಆ ಮಾತ್ರೆಗಳ ಜೊತೆ, ಅದಕ್ಕೆ ಪೆಟ್ಟು ಬಿದ್ದಿದೆ. ಈಗ ಒಂದನ್ನ ತೆಗೆದ್ರೆ ಉಳಿದಿದ್ದು ನಿಮಗೇ ಸಾಲೋದಿಲ್ಲ."

"ವಾಸಿಯಾಗಲ್ವಾ?"

"ಕಾದು ನೋಡೋಣ." ಅವರು ತಲೆ ತಗ್ಗಿಸಿದರು. "ಒಂದು ನಾಲ್ಕೈದು ಕೆಜಿ ಜಾಸ್ತಿ ಇದ್ದಿದ್ರೂ ನಾನು ಉಳಿದ ಡಾಕ್ಟರ್‌ಗಳನ್ನ ಒಪ್ಪಿಸ್ತಿದ್ದೆ. ನೀವು ಬಂದು ಕೇಳ್ಬೇಕಿತ್ತು."

ಕೇಳಬೇಕಿತ್ತಂತೆ. ಹುಟ್ಟಿದಾಗಿನಿಂದ ತೂಕದ ವಿಷಯದಲ್ಲಿ ಒಂದು ಗುಲಗಂಜಿಯ ರಿಯಾಯಿತಿಯೂ ಸಿಗದವಳು, ಅವತ್ತು ಯಾವ ಧೈರ್ಯದಿಂದ ಹೋಗಿ ಕೇಳಬೇಕಿತ್ತು? ನನಗೆ ಆ ಮೇಜನ್ನು ಎತ್ತಿ ಬಿಸಾಡಬೇಕೆನಿಸಿತು. ಅಕ್ಕ ಮಾತ್ರ ಡಾಕ್ಟರಿಗೆ ಕೈಮುಗಿದು ಎದ್ದಳು, ಬಾಗಿಲವರೆಗೆ ನೆಟ್ಟಗೇ ನಡೆದಳು, ಹೊರಗಿನ ಬೆಂಚಿನ ಮೇಲೆ ಕುಸಿದಳು.

ಕಾದು ನೋಡಿದೆವು. ಮತ್ತೆ ಮತ್ತೆ ರಕ್ತ ಕೊಟ್ಟಳು. ಪೆಟ್ಟು ಬಿದ್ದದ್ದು ಅರ್ಧ ವಾಸಿಯಾಗಿ ಅಲ್ಲೇ ನಿಂತಿತು, ಕೊಡಲು ಸಾಲದಷ್ಟರಲ್ಲಿ. ಸತ್ತವರ ಕಿಡ್ನಿಗಾಗಿ ತಮ್ಮನ ಹೆಸರು ಬರೆಸಿದೆವು. ಅವನ ಮುಂದೆ ಇರುವ ಸಾಲು ಕರಗುವವರೆಗೆ ಕತ್ತಿನ ನಳಿಕೆ ಬಾಳುವುದಿಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ವ್ಯಾನು ಮಾರಿದೆವು. ಅವನು ಈಗ ಕೌಂಟರಿನ ಒಳಗಡೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅಕ್ಕನ ಮೇಲೆ ಒಂದು ಮಾತೂ ಆಡಿಲ್ಲ. ಅವನ ಹೆಂಡತಿಯೂ ಆಡಿಲ್ಲ. ಆಡಿದ್ದರೆ ಅಕ್ಕ ಚೇತರಿಸಿಕೊಳ್ಳುತ್ತಿದ್ದಳೇನೋ.

ಅಕ್ಕನಿಗೆ ಈಗ ಅನ್ನವೇ ಬೇಡ. ಒಂದು ತುತ್ತು ಬಾಯಿಗಿಟ್ಟು ಮರೆತು ಕೂರುತ್ತಾಳೆ. ಇಳಿ ಇಳಿ ಎಂದು ಇಡೀ ಊರು ಬಡಿದುಕೊಂಡಾಗ ಇಳಿಯದ ಮೈ ಈಗ ತಾನಾಗಿ ಕರಗುತ್ತಿದೆ. ಅಮ್ಮನಿಂದ ಬಂದದ್ದಾದರೆ ಇದು ಎಲ್ಲಿಗೆ ಹೋಯಿತು? ಅವಳ ಬಾಯಿಂದ ಬಂದದ್ದಾದರೆ ಅಷ್ಟು ಬಾಯಿ ಕಟ್ಟಿದಾಗ ಯಾಕೆ ಹೋಗಲಿಲ್ಲ? ನನಗೆ ಉತ್ತರ ಬೇಕಾಗಿಲ್ಲ. ಯಾರಾದರೂ ಉತ್ತರ ಹೇಳಲು ಬಂದರೆ ಅವರ ಮುಖ ನೋಡುವ ಶಕ್ತಿಯೂ ನನ್ನಲ್ಲಿಲ್ಲ.

ನಿನ್ನೆ, ಮಗಳ ಬಾಣಂತನಕ್ಕೆಂದು ಬಹಳ ದಿನ ಬೇರೆ ಊರಿಗೆ ಹೋಗಿದ್ದ ಪಕ್ಕದ ಬೀದಿಯ ಟೀಚರಮ್ಮ ಪರದೆ ಬಟ್ಟೆ ಹಿಡಿದು ಅಂಗಡಿಗೆ ಬಂದರು. ತಮ್ಮನಿಗೆ ಅಕ್ಕ ಕಿಡ್ನಿ ಕೊಡುತ್ತಾಳೆ ಎನ್ನುವವರೆಗಿನ ಸುದ್ದಿ ಅವರಿಗೆ ಗೊತ್ತಿತ್ತು. ತಮ್ಮ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದ. ಮಡಿಸಿದ ಬಟ್ಟೆ ಹೊತ್ತು ಅಕ್ಕ ಹಿಂದಿನ ಕೋಣೆಯಿಂದ ಹೊರಬಂದಳು. ಟೀಚರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

"ಗುರುತೇ ಸಿಗ್ಲಿಲ್ಲ ಕಣಮ್ಮ. ಎಷ್ಟು ಚೆನ್ನಾಗಿ ಇಳಿದಿದೀಯಾ. ತಮ್ಮನಿಗೆ ಕೊಟ್ಟಾಯ್ತಾ?"

ಅಕ್ಕ ಬಟ್ಟೆಯನ್ನು ಕೌಂಟರಿನ ಮೇಲಿಟ್ಟು, ಮಡಿಕೆ ಸರಿಮಾಡಿದಳು.

"ಇಲ್ಲ ಟೀಚರ್," ಎಂದಳು. "ಇಳಿಸ್ಕೊಂಡೆ, ಅಷ್ಟೇ."