ಕುಡಿದು ತೋರಿಸುವ ನೀರು

ಜಗ್ಗಿನ ತಳದ ಒದ್ದೆ ಮೇಜಿನ ಬಿಳಿ ಬಟ್ಟೆಗೆ ಹರಡುತ್ತಿದೆ, ಯಾರೂ ಒರೆಸುತ್ತಿಲ್ಲ, ಎರಡು ಗಾಜಿನ ಜಗ್ಗು, ಎರಡರಲ್ಲೂ ಗಂಜಿತಿಳಿಯ ಬಣ್ಣ — ಎಡಗಡೆಯದು ಈ ಹೋಟೆಲಿನ ಅಡುಗೆಮನೆಯದು, ಕಾರ್ನ್‌ಫ್ಲೋರ್, ಲಿಂಬೆ, ಸಕ್ಕರೆ, ಬಲಗಡೆಯದು ಕುವೈತಿನ ಶುವೈಖಿನಲ್ಲಿರುವ ನಮ್ಮ ಕಂಪನಿ ಗೋದಾಮಿನ ಅಸಲಿ ಮಾಲು, ಭೂಮಿಯೊಳಗೆ ಒತ್ತಡದಲ್ಲಿ ನುಗ್ಗಿಸಿ ಬಂಡೆ ಸೀಳಿ ಗ್ಯಾಸು ತೆಗೆಯುವ ದ್ರಾವಣ. ಅದನ್ನು ಕಾರಿನಲ್ಲಿ ತಂದ ಡ್ರೈವರ್ ಮುತ್ತಲಿಬ್ ಬೆಳಿಗ್ಗೆ ನನ್ನ ಹತ್ತಿರ ಬಗ್ಗಿ, ವೈಲೆಟಕ್ಕಾ, ಬಲದ್ದು ಮರಳು ಹಾಕಿ ತೋರಿಸ್ಲಿಕ್ಕೆ ಮಾತ್ರ, ಎಡದ್ದು ಬಾಸಿಗೆ ಪೇಪರಿನವರೆದುರು ಕುಡಿದು ತೋರಿಸ್ಲಿಕ್ಕೆ, ಯಾರಿಗೂ ಹೇಳ್ಬೇಡಿ ಮಾರಾಯ್ರೆ, ಎಂದ, ಅವನು ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು, ಕಿವಿರು ಎತ್ತಿ ನೋಡದೆ ಮೀನು ಕೊಂಡವಳಲ್ಲ ನಾನು, ಬಾಸಿನ ಸೆಕ್ರೆಟರಿಯಾಗಿ ಅವರ ಬಾಯಿಯ ಒಳಗೂ ಹೊರಗೂ ನೋಡಿದವಳು. ಅಮೆರಿಕದವರು ಬಂಡೆ ಸೀಳಿ ಎಣ್ಣೆಯ ಬೆಲೆ ಇಳಿಸಿಬಿಡುತ್ತಾರೆಂಬ ಭಯವಿದ್ದಾಗ ಇದೇ ಬಾಯಿ, ಕುಡಿಯುವ ನೀರಿಗೆ ವಿಷ, ಮಕ್ಕಳ ಭವಿಷ್ಯ, ಎಂದು ವೇದಿಕೆಯಲ್ಲಿ ಗದ್ಗದವಾಗಿತ್ತು, ಆ ಭಾಷಣ ಟೈಪ್ ಮಾಡಿದವಳು ನಾನೇ, ಈಗ ಇಲ್ಲಿಯ ಬಂಡೆ ಸೀಳುವ ಗುತ್ತಿಗೆ ನಮಗೇ ಸಿಕ್ಕಿದ ಮೇಲೆ ವಿಷ ಹೋಗಿ ಐಸ್‌ಕ್ರೀಮ್ ಆಯಿತು, ಐಸ್‌ಕ್ರೀಮಿಗೂ ಈ ದ್ರಾವಣಕ್ಕೂ ಮಂದವಾಗಲು ಹಾಕುವುದು ಅದೇ ಗೋರಿಕಾಯಿ ಬೀಜದ ಹುಡಿ ಅಂತೆ, ಅದನ್ನೂ ನಾನೇ ಟೈಪ್ ಮಾಡಿದೆ. ಉಳಿದ ಡ್ರಮ್ಮುಗಳಲ್ಲಿ ಏನುಂಟು ಎಂದು ಟೈಪ್ ಮಾಡಲು ಮಾತ್ರ ಯಾರೂ ಕೊಡಲಿಲ್ಲ.

ಮೂರನೇ ಸಾಲಿನಲ್ಲಿ ಚಾರ್ಲ್ಸ್, ನನ್ನ ಗಂಡ, ಮದುವೆಯ ಕೋಟು ಹಾಕಿಕೊಂಡು ಕೈ ಜೇಬಿನಲ್ಲಿಟ್ಟು ಕೂತಿದ್ದಾರೆ, ಆ ಕೈ ಹೊರಗೆ ತೆಗೆಯಲು ನಾಚಿಕೆ, ಗೋದಾಮಿನಲ್ಲಿ ಈ ಮಾಲು ಬೆರೆಸಿ ಬೆರೆಸಿ ಅಂಗೈ ಬೆಂದ ಬಟಾಟೆಯ ಸಿಪ್ಪೆಯಂತೆ ಸುಲಿಯುತ್ತಿದೆ. ಕಂಪನಿಯ ಡಾಕ್ಟರು ಸಾಬೂನು ಬದಲಾಯಿಸಿ ಅಂದರು, ಬದಲಾಯಿಸಿದೆವು, ಅದೇ ಸಾಬೂನಿನಲ್ಲಿ ನಾನೂ ಮಗ ಡಿಯೋನ್ ಕೂಡ ಸ್ನಾನ ಮಾಡುತ್ತೇವೆ, ನಮ್ಮ ಕೈಗೆ ಏನೂ ಆಗಲಿಲ್ಲವಲ್ಲ. ನಿಂಗೆ ಎಲ್ಲದರಲ್ಲೂ ಸಂಶಯ ವೈಲ್, ಡಾಕ್ಟ್ರು ಯಾಕೆ ಸುಳ್ಳು ಹೇಳ್ತಾರೆ, ಅನ್ನುತ್ತಾರೆ ಇವರು, ರಾತ್ರಿ ನಾನು ತೆಂಗಿನೆಣ್ಣೆ ಸವರುವಾಗ ಉರಿಗೆ ಹಲ್ಲು ಕಚ್ಚಿಕೊಂಡು. ಎರಡು ಜಗ್ಗಿನ ಸಂಗತಿ ಇವರಿಗೆ ಹೇಳಲಿಲ್ಲ, ಹೇಳಿದರೆ ನೇರ ಬಾಸಿನ ಹತ್ತಿರ ಹೋಗಿ, ಹೌದಾ ಸರ್, ಎಂದು ಕೇಳುವ ಮನುಷ್ಯ, ಅಷ್ಟು ಪಾಪ.

ಬಾಸ್ ಎಡದ ಜಗ್ಗಿನಿಂದ ತಾವೇ ಬಗ್ಗಿಸಿಕೊಂಡು ಗಟಗಟ ಕುಡಿದರು, ಚಪ್ಪಾಳೆ, ಆಮೇಲೆ ಬಲದ್ದನ್ನು ಇನ್ನೊಂದು ಗ್ಲಾಸಿಗೆ ಸುರಿದು ಮರಳು ಹಾಕಿ, ನೋಡಿ ಹೇಗೆ ತೇಲುತ್ತದೆ, ಎಂದರು, ಮತ್ತೆ ಚಪ್ಪಾಳೆ, ಎರಡೂ ಜಗ್ಗು ಮೇಜಿನ ನಡುವೆ ಒಂದಕ್ಕೊಂದು ತಾಗಿಕೊಂಡು ನಿಂತವು. ಇಷ್ಟಕ್ಕೇ ಮುಗಿಯಬೇಕಿತ್ತು, ಆದರೆ ಹಿಂದಿನಿಂದ ಕುವೈತಿ ಪ್ರೊಫೆಸರಮ್ಮ ಎದ್ದು ಸಮಾಧಾನದಲ್ಲೇ ಕೇಳಿದಳು, ನೀವು ಕುಡಿದಿರಿ, ಸಂತೋಷ, ದಿನಾ ಇದನ್ನು ಬೆರೆಸುವವನು ಕುಡಿಯುತ್ತಾನಾ. ಬಾಸ್ ನಕ್ಕರು, ಯಾಕಿಲ್ಲ, ನಾವೆಲ್ಲ ಒಂದೇ ಕುಟುಂಬ, ಚಾರ್ಲ್ಸ್, ಯಲ್ಲಾ, ಮೇಲೆ ಬಾ. ಇವರು ಹೋಗಿಯೇಬಿಟ್ಟರು, ಮುಖವೆಲ್ಲ ನಗು, ಬಾಸ್ ಭುಜದ ಮೇಲೆ ಕೈ ಹಾಕಿ ಕ್ಯಾಮೆರಾದ ಕಡೆ ತಿರುಗಿಸಿದರು, ಹೋಟೆಲಿನ ವೇಟರ್ ಸೇಸಪ್ಪಣ್ಣ, ಏನೂ ಗೊತ್ತಿಲ್ಲದ ಬಡಪಾಯಿ, ಒಂದು ಜಗ್ಗು ಎತ್ತಿ ಇವರ ಗ್ಲಾಸಿಗೆ ಬಗ್ಗಿಸಿದ — ಯಾವುದು, ಯಾವ ಜಗ್ಗು, ಫೋಟೋದವನ ಬೆನ್ನು ಅಡ್ಡ ಬಂತು, ಬಾಸ್ ಕೂಡ ನೋಡಲಿಲ್ಲ, ನೋಡುವ ಗರಜೂ ಅವರಿಗಿಲ್ಲ.

ಪಿಯೆನಾಕಾ, ಕುಡಿಯಬೇಡಿ, ಎಂದು ನಮ್ಮ ಕೊಂಕಣಿಯಲ್ಲಿ ಒಂದು ಕೂಗು ಸಾಕು, ಈ ಸಭೆಯಲ್ಲಿ ಇವರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ, ಆದರೆ ಇವರು ಗ್ಲಾಸು ಕೆಳಗಿಟ್ಟರೆ ಅದೇ ಎಲ್ಲರಿಗೂ ಉತ್ತರವಾಗುತ್ತದೆ, ಆಮೇಲೆ ಈ ದೇಶದಲ್ಲಿರಲು ಕಂಪನಿ ಕೊಡಿಸಿದ ನನ್ನ ಇಕಾಮಾ, ಇವರ ಇಕಾಮಾ, ಎರಡೂ ಖಲಾಸ್, ಡಿಯೋನನ ಹನ್ನೆರಡನೇ ಕ್ಲಾಸು ಅರ್ಧಕ್ಕೆ — ಕೂಗು ವೈಲೆಟ್, ಕೂಗು, ನಾಲಿಗೆ ಎಲ್ಲಿ ಹೋಯಿತು — ಯೇಸುವೇ, ಬಾಸಿನ ಸುಳ್ಳು ಬಯಲಾಗಲಿ ಎಂದು ಇಷ್ಟು ದಿನ ಬೇಡಿದೆ, ಈಗ ಒಂದೇ ಒಂದು, ಆ ಗ್ಲಾಸಿನೊಳಗಿರುವುದೂ ಸುಳ್ಳೇ ಆಗಿರಲಿ, ಸಿಹಿಯಾಗಿರಲಿ, ಲಿಂಬೆಯಾಗಿರಲಿ, ಸುಲಿದ ಬೆರಳುಗಳು ಗ್ಲಾಸನ್ನು ಹಿಡಿದಿವೆ, ಎತ್ತಿದರು, ಸಭೆ ಪೂರ್ತಿ ಚಪ್ಪಾಳೆ, ನನ್ನ ಕೈಗಳೂ ತಟ್ಟುತ್ತಿವೆ, ನಾನು ಹೇಳಲಿಲ್ಲ ಅವಕ್ಕೆ, ತಟ್ಟುತ್ತಿವೆ, ಟೈಯ ಗಂಟಿನ ಮೇಲೆ ಇವರ ಗಂಟಲಿನ ಗುಬಟು ಮೇಲೆ ಹೋಯಿತು, ಕೆಳಗೆ ಬಂತು, ಮೇಲೆ, ಕೆಳಗೆ, ಮೇಲೆ —