ರಾಜೀನಾಮೆಯ ಕಾರಣ

‘ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಗಾಗುತ್ತೆ. ನಾಳೆ ಕೂದಲು ಇಳಿಬಿಟ್ಟುಕೊಂಡು ಹೋಗಲಾ?’ ಎಂದು ರಾತ್ರಿ ರೈಲಿನಲ್ಲಿ ಕೂತು ಡೈರಿಯಲ್ಲಿ ಬರೆದ ಬಿಂದುಶ್ರೀ, ಯಾರೋ ಇಣುಕಿದರೇನೋ ಎಂಬಂತೆ ಅದನ್ನು ಪಟ್ಟನೆ ಮುಚ್ಚಿದಳು.

ಅಪ್ಪ ಬಾಲಚಂದ್ರ ಬ್ಯಾಂಕಿನ ವರ್ಗಾವಣೆಯಲ್ಲಿ ತುಮಕೂರಿನಿಂದ ವಿಶಾಖಪಟ್ಟಣಕ್ಕೆ ಬಂದವರು. ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದ ಮಗಳಿಗೆ ಊರಾಚೆಯ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತ್ತು. ಒಂಬತ್ತನೇ ತಿಂಗಳಲ್ಲಿ ಒಂದು ದಿನ ಮೇಲಿನವರು ಅವಳ ಮುಂದೆ ರಿಜಿಸ್ಟರ್ ಹಿಡಿದರು. ಪರೀಕ್ಷೆ ಮಾಡಬೇಕಿದ್ದ ಗುಳಿಗೆಗಳು ಇನ್ನೂ ಡಬ್ಬಿಯಲ್ಲೇ ಇದ್ದವು. ಪುಟದ ತುಂಬ ಫಲಿತಾಂಶ ಆಗಲೇ ಬರೆದಾಗಿತ್ತು. ಅವಳ ಸಹಿಯೊಂದು ಬಾಕಿ. ಬ್ಯಾಗು ಎತ್ತಿಕೊಂಡು ಮನೆಗೆ ಬಂದವಳು ರಾಜೀನಾಮೆ ಕಳಿಸಿಬಿಟ್ಟಳು.

ಆಮೇಲಿನ ನಾಲ್ಕು ಇಂಟರ್‌ವ್ಯೂಗಳಲ್ಲಿ ‘ಯಾಕೆ ಬಿಟ್ಟಿರಿ?’ ಎಂದಾಗಲೆಲ್ಲ ತಲೆ ತಗ್ಗಿಸಿ ಕೂತಳು. ನಾಲ್ಕೂ ಕೈತಪ್ಪಿದವು. ಜೂನ್‌ಗೆ ಅಪ್ಪನಿಗೆ ಮತ್ತೆ ವರ್ಗ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಅಪ್ಪನ ಗಂಟುಮೂಟೆಯ ಜೊತೆ ಅವಳೂ ಒಂದು ಗಂಟು.

ಐದನೆಯದು ವಿಜಯವಾಡದಲ್ಲಿ. ಜೊತೆಗೆ ಬಂದ ಸುಮಂತ್ ಮಾಮ ರೈಲಿನುದ್ದಕ್ಕೂ ಪಾಠ ಹೇಳಿದ.

“ಅಜ್ಜಿಗೆ ಹುಷಾರಿರ್ಲಿಲ್ಲ, ನೋಡ್ಕೊಳ್ಳೋಕೆ ಬಿಟ್ಟೆ ಅನ್ನು. ಮುಗೀತು.”

“ಅಜ್ಜಿ ದಿನಾ ಎರಡು ಮೈಲಿ ವಾಕಿಂಗ್ ಹೋಗ್ತಾರೆ, ಮಾಮ.”

“ಅವರೇನು ಅಜ್ಜೀನ ಕರೆಸಿ ನಡೆಸಿ ನೋಡ್ತಾರೇನೇ? ಹಳೇ ಕಂಪನೀನ ದೂರಿದೋರಿಗೆ ಯಾರೂ ಕೆಲಸ ಕೊಡಲ್ಲ ಕಣೇ. ಸುಮ್ನೆ ಹೇಳು!”

ಬೆಂಜ್ ಸರ್ಕಲ್ಲಿನ ಆಫೀಸಿನಲ್ಲಿ ಲ್ಯಾಬಿನ ಮುಖ್ಯಸ್ಥೆ ಭ್ರಮರಾಂಬ ಕೂತಿದ್ದರು. ಫಾರಂ ತಿರುವುತ್ತಾ ತೆಲುಗಿನಲ್ಲಿ ಕೇಳಿದರು: “ಒಂಬತ್ತೇ ತಿಂಗಳಿಗೆ ಯಾಕಮ್ಮಾ ಬಿಟ್ರಿ?”

“ಅಜ್ಜಿಗೆ...” ಎಂದ ಬಿಂದುಶ್ರೀ ಇಳಿಬಿಟ್ಟ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು.

ಭ್ರಮರಾಂಬ ಕನಿಕರದಿಂದ ನಕ್ಕರು. “ಸರಿ ಬಿಡಮ್ಮಾ, ಮನೆ ಕಡೆ ತೊಂದರೆ ಅಂತ ಬರ್ಕೋತೀನಿ.”

ಅವರ ಪೆನ್ನು ಆಗಲೇ ಫಾರಂ ಮೇಲೆ ಓಡತೊಡಗಿತ್ತು. ಇಲ್ಲೂ ಅಷ್ಟೇ. ನಡೆಯದೇ ಇದ್ದದ್ದು ಬರೆದಾಗುತ್ತದೆ, ತಾನು ಕೆಳಗೆ ಸಹಿ ಹಾಕಬೇಕು. ಕೆಲಸ ಹೋದರೆ ಹೋಗಲಿ ಎಂದುಕೊಂಡ ಬಿಂದುಶ್ರೀ ಕೈ ಚಾಚಿ ಫಾರಂ ಮೇಲೆ ಅಂಗೈ ಊರಿದಳು.

“ಅದನ್ನ ಬರೀಬೇಡಿ ಮೇಡಂ. ಮಾಡದೇ ಇದ್ದ ಟೆಸ್ಟಿಗೆ ಸಹಿ ಹಾಕು ಅಂದ್ರು. ನಾನು ಹಾಕಲಿಲ್ಲ.”