ವಾಸನೆಯಿಲ್ಲದ ಸೋಪು

ಮುನೀಂದ್ರ ಮೂರನೆಯ ಸಲ ಕೈ ತೊಳೆಯುತ್ತಿದ್ದ. ವಿಮಾನಪುರದ ಆ ಮನೆಯ ಅಂಗಳದ ನಲ್ಲಿಯ ಕೆಳಗೆ, ಜೇಬಿನಲ್ಲಿ ತಂದಿದ್ದ ವಾಸನೆಯಿಲ್ಲದ ಸೋಪಿನಿಂದ, ಮೊಣಕೈವರೆಗೆ ಉಜ್ಜಿ ಉಜ್ಜಿ. ಒಳಗೆ ನಡುಮನೆಯಲ್ಲಿ ತೀರಿಹೋದ ಪ್ರೊಫೆಸರ್ ಜಲಜಾ ಮೇಡಂ ಅವರನ್ನು ಮಲಗಿಸಿದ್ದರು. ಮೈಮೇಲೆ ಮಲ್ಲಿಗೆ, ಸುಗಂಧರಾಜದ ರಾಶಿ. ತಲೆಯ ಬಳಿ ಊದುಬತ್ತಿ.

"ಎಷ್ಟು ಸಲ ತೊಳೀತೀಯೋ," ಎಂದರು ಮೇಡಂ ಗಂಡ ಗುರುರಾಜ್. "ಒಳಗ್ ಬಾ. ಮೂರು ಗಂಟೆಗೆ ವ್ಯಾನ್ ಬರತ್ತೆ. ಕಲ್ಪಳ್ಳಿ ಸ್ಮಶಾನದಲ್ಲಿ ಟೈಮ್ ಕೊಟ್ಬಿಟ್ಟಿದಾರೆ."

"ಬಂದೆ ಸಾರ್. ಇಷ್ಟೊಂದು ಹೂವು ನೋಡಿದ್ರೆ ಮೇಡಂ ಬೈತಿದ್ರು."

"ಬೈಲಿ ಬಿಡು. ಮೂವತ್ತು ವರ್ಷ ಒಂದು ಮೊಳ ಮಲ್ಲಿಗೆ ಮುಡೀಲಿಲ್ಲ ಅವಳು, ಇಲಿಗಳಿಗೆ ಆಗಲ್ಲ ಅಂತ." ಗುರುರಾಜ್ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ವ್ಯಾನ್ ಬರುವುದರೊಳಗೆ ಮುನೀಂದ್ರ ಒಂದು ಮಾತು ಹೇಳಿ ಮುಗಿಸಬೇಕಿತ್ತು. ಕೇಳಬೇಕಾದವಳು ಸುಕನ್ಯ, ಮೇಡಂ ಹತ್ತಿರ ಪಿಎಚ್‌ಡಿ ಮಾಡಿದವಳು. ಬಾಗಿಲ ಬಳಿ ನಿಂತು ಯಾರಿಗೋ ಹೇಳುತ್ತಿದ್ದಳು: "ತಪ್ಪು ನಾನು ಮಾಡ್ದೆ, ಮೇಡಂ ತಮ್ಮ ಮೇಲೆ ಹಾಕ್ಕೊಂಡ್ರು. ಅಂಥೋರು ಎಲ್ಲಿ ಸಿಗ್ತಾರೆ?" ಹನ್ನೆರಡು ವರ್ಷದಿಂದ ಅವಳದು ಇದೇ ಮಾತು. ಕೇಳಿದಾಗಲೆಲ್ಲ ಮುನೀಂದ್ರ ಅಲ್ಲಿಂದ ಜಾರಿಕೊಳ್ಳುತ್ತಿದ್ದ.

*

ಕಾಲೇಜಿನ ಮನಶ್ಶಾಸ್ತ್ರ ವಿಭಾಗದ ಹಿಂದಿನ ಲ್ಯಾಬಿನಲ್ಲಿ ಮೇಡಂ ಇಲಿಗಳ ಭಯದ ಬೆನ್ನು ಹತ್ತಿದ್ದರು. ಗಂಟೆ ಬಾರಿಸಿ ಸಣ್ಣ ಶಾಕ್ ಕೊಟ್ಟರೆ ಇಲಿ ಆಮೇಲೆ ಗಂಟೆಗೇ ಹೆದರುತ್ತದೆ. ಶಾಕ್ ಇಲ್ಲದೆ ಬರೀ ಗಂಟೆ ಬಾರಿಸುತ್ತ ಹೋದರೆ ಆ ಭಯ ಎಷ್ಟು ದಿನಕ್ಕೆ ಇಳಿಯುತ್ತದೆ, ಆಗ ಮೆದುಳಿನಲ್ಲಿ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. "ಭಯ ಅಳಿಸಿ ಹೋಗಲ್ಲ ಕಣ್ರೋ," ಎಂದು ಪಾಠದಲ್ಲಿ ಹೇಳುತ್ತಿದ್ದರು. "ಅದರ ಮೇಲೆ ಇನ್ನೊಂದು ಪಾಠ ಕಲೀತೀವಿ, ಅಷ್ಟೆ."

ಪ್ರಯೋಗಕ್ಕೆ ಮೊದಲು ಒಂದು ವಾರ ಪ್ರತಿ ಇಲಿಯನ್ನೂ ದಿನಕ್ಕೆ ಐದು ನಿಮಿಷ ಅಂಗೈಯಲ್ಲಿಟ್ಟುಕೊಂಡು ಪಳಗಿಸಬೇಕು. ಕೈಗೆ ಯಾವ ವಾಸನೆಯೂ ಇರಕೂಡದು. ಬಾಗಿಲಲ್ಲಿ ನಿಂತು ಎಲ್ಲರ ಕೈ ಮೂಸಿ, "ಒಳಗೆ ಹೋಗಿ" ಎನ್ನುವುದು ಅಟೆಂಡರ್ ಮುನೀಂದ್ರನ ಕೆಲಸ. "ಕೈ ತೋರ್ಸಿ" ಎಂದರೆ ಮೇಡಂ ಕೂಡ ಚಾಚುತ್ತಿದ್ದರು. ಅವನ ಕೈ ಮೂಸುವವರು ಮಾತ್ರ ಯಾರೂ ಇರಲಿಲ್ಲ.

ಆ ವರ್ಷ ಮರ್ಫಿ ಟೌನಿನ ಅವನ ಮನೆಯ ಅಟ್ಟದಲ್ಲಿ ಬೆಕ್ಕೊಂದು ಮರಿ ಹಾಕಿ ಸತ್ತಿತು. ದಿನಾ ಬೆಳಿಗ್ಗೆ ಮರಿಗಳಿಗೆ ಹತ್ತಿಯಲ್ಲಿ ಹಾಲು ಕುಡಿಸಿ, ಅದೇ ಅಂಗಿಯಲ್ಲಿ ಬಂದು ಸುಕನ್ಯಳ ಇಲಿಗಳ ಪಂಜರ ತೊಳೆಯುತ್ತಿದ್ದ. ಪರರ ಎಲೆಯ ನೊಣ ನೋಡುವವನಿಗೆ ತನ್ನ ಎಲೆಯ ಹೆಗ್ಗಣ ಕಾಣಲಿಲ್ಲ. ಬೆಕ್ಕಿನ ವಾಸನೆಗೆ ಇಲಿಗಳ ಭಯ ಇಳಿಯಲೇ ಇಲ್ಲ. ಸುಕನ್ಯಳ ನಾಲ್ಕು ತಿಂಗಳ ದುಡಿಮೆ ನೀರುಪಾಲಾಯಿತು.

ಮೇಡಂ ಎಲ್ಲರನ್ನೂ ಕೂರಿಸಿ ವಿಚಾರಿಸಿದಾಗಲೇ ಅವನಿಗೆ ಹೊಳೆದದ್ದು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಬಾಯಿ ಬರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಮೇಡಂ ಅವನ ತೋಳಿನ ಮೇಲಿದ್ದ ಬೆಕ್ಕಿನ ಬೂದು ಕೂದಲೊಂದನ್ನು ಎರಡು ಬೆರಳಲ್ಲಿ ತೆಗೆದು ನೋಡಿದರು. ಏನೂ ಕೇಳಲಿಲ್ಲ. ಮರುದಿನ ಸುಕನ್ಯಳಿಗೆ, "ತಪ್ಪು ನನ್ದೇಮ್ಮ, ಇನ್ನೊಂದ್ಸಲ ಶುರು ಮಾಡು," ಎಂದರು. ಅಂದಿನಿಂದ ಲ್ಯಾಬಿನ ಬಾಗಿಲ ಪಕ್ಕ, ಅಂಗಿಯ ಮೇಲೆ ಹಾಕಿಕೊಳ್ಳಲು, ಎಲ್ಲರಿಗೂ ಒಗೆದ ಬಿಳಿ ಕೋಟುಗಳು ತೂಗುತ್ತಿದ್ದವು.

*

"ಸುಕನ್ಯ ಮೇಡಂ, ಒಂದ್ನಿಮಿಷ," ಎಂದು ನಲ್ಲಿಯ ಹತ್ತಿರ ಕರೆದು ಮುನೀಂದ್ರ ಎಲ್ಲವನ್ನೂ ಹೇಳಿದ. ಬೆಕ್ಕು, ಹಾಲು, ಕೂದಲು, ಒಂದನ್ನೂ ಬಿಡಲಿಲ್ಲ.

ಸುಕನ್ಯ ತನ್ನ ಅಂಗೈಗಳನ್ನು ನೋಡಿಕೊಂಡಳು. "ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಮುನೀಂದ್ರ. ಪಿಎಚ್‌ಡಿ ಮುಗಿದ್ಮೇಲೆ ಒಂದು ಇಲೀನೂ ಮುಟ್ಟಿಲ್ಲ. ಬರೀ ಪಾಠ ಮಾಡ್ಕೊಂಡಿದೀನಿ."

"ಗೊತ್ತು."

"ಮೇಡಂ ಮುಚ್ಚಿಟ್ಟಿದ್ದು ನನ್ನ ತಪ್ಪಲ್ಲ. ನಿಮ್ದು."

"ಹೂಂ. ನನ್ನ ಕೆಲ್ಸ ಉಳೀತು."

"ನನ್ಗೊಂದು ಮಾತು ಹೇಳ್ಬಹುದಿತ್ತಲ್ಲ ಅವ್ರು."

"ನೀವು ಹಿಂಗೆ ಅಂದ್ಕೊಂಡಿದೀರ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಅವ್ರ ಮುಂದೆ ನೀವು ಯಾವತ್ತೂ ಹೇಳ್ಲಿಲ್ಲ. ಕೇಳಿಸ್ಕೊಂಡೋನು ನಾನು."

ಗೇಟಿನ ಹೊರಗೆ ವ್ಯಾನ್ ಬಂದು ನಿಂತಿತು. "ಬಾಯಿಗೆ ಅಕ್ಕಿ ಹಾಕೋರು ಬನ್ನಿ," ಎಂದು ಗುರುರಾಜ್ ಒಳಗಿನಿಂದ ಕರೆದರು. ಸುಕನ್ಯಳ ಕಣ್ಣಲ್ಲಿ ಸಿಟ್ಟೂ ನೀರೂ ಒಟ್ಟಿಗೇ ಇದ್ದವು. ಮುನೀಂದ್ರ ತಲೆ ತಗ್ಗಿಸಿ ನಿಂತ. ಒಳಗೆ ಹೋಗಲು ಮುಖವಿಲ್ಲದೆ ಅವನು ಅಂಗಳದಲ್ಲೇ ಉಳಿಯಲು ಮನಸ್ಸು ಮಾಡಿದ್ದ.

ಸುಕನ್ಯ ಅವನ ಕೈಯಿಂದ ಸೋಪು ತೆಗೆದುಕೊಂಡು ನಿಧಾನವಾಗಿ ತನ್ನ ಕೈ ತೊಳೆದಳು. ನಲ್ಲಿ ನಿಲ್ಲಿಸಿದಳು.

"ಕೈ ತೋರ್ಸಿ," ಎಂದಳು.

ಮುನೀಂದ್ರ ಚಾಚಿದ. ಅವಳು ಬಗ್ಗಿ ಅವನ ಎರಡು ಅಂಗೈಗಳನ್ನೂ ಒಂದೊಂದಾಗಿ, ಅವಸರವಿಲ್ಲದೆ ಮೂಸಿದಳು.

"ಒಳಗೆ ಹೋಗಿ."